ಗಾಳಿಯೋ, ನೀರೋ?

ಸಂಚಿಕೆಗೆ ಏನಾದರೂ ವಿಚಾರಪರವಾದದ್ದನ್ನು ಬರೆದು ಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ ನಾನು ಈ ವಿಷಯವನ್ನು ಹೇಳಿದೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಹುಡುಗಿ ಕಂಪ್ಯೂಟರನ್ನು ತಣ್ಣಗಿಡುವ ಬಗೆಯನ್ನು ಕುರಿತು ಬರೆಯುವುದು ಅವರಿಗೆ ವಿಚಿತ್ರವಾಗಿ ತೋರಿರಬೇಕು. ನಮ್ಮದು ಕಲಾ ಕಾಲೇಜು. ಇಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆಯಿಲ್ಲ, ಕೇಳೋಣವೆಂದರೆ ಆ ವಿಷಯದ ಅಧ್ಯಾಪಕರೂ ಇಲ್ಲ. ಆದರೆ ಮನೆಯಲ್ಲಿ ಒಂದು ಪ್ರಶ್ನೆ ಎದ್ದಾಗ ಅದು ನಾವು ಯಾವ ವಿಭಾಗಕ್ಕೆ ಸೇರಿದವರೆಂದು ವಿಚಾರಿಸಿಕೊಂಡು ಏಳುವುದಿಲ್ಲ. ನಮ್ಮ ಮನೆಯಲ್ಲಂತೂ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ, ರೇಷನ್ ಕಾರ್ಡಿನ ತಿದ್ದುಪಡಿಯಿಂದ ಹಿಡಿದು ಅಪ್ಪನ ಮಾತ್ರೆಯ ಚೀಟಿಯವರೆಗೆ ಎಲ್ಲವೂ ನನ್ನ ಮುಂದೆಯೇ ಬಂದು ಕೂರುತ್ತವೆ. ಹಾಗೆ ಬಂದು ಕುಳಿತದ್ದೇ ಈ ಪ್ರಶ್ನೆಯೂ.

ನಮ್ಮೂರು ಲಕ್ಕವಳ್ಳಿ. ನಮ್ಮಣ್ಣ ಪಿ.ಯು.ಸಿ.ಗೆ ಓದು ನಿಲ್ಲಿಸಿ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ವಿಡಿಯೋ ತೆಗೆಯುವ ಕಸುಬು ಹಿಡಿದವನು. ತೆಗೆಯುವುದು ಒಂದು ದಿನದ ಕೆಲಸ. ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ, ಕೊನೆಗೆ ಒಂದೇ ಚಿತ್ರವಾಗಿ ಹೊರಗೆ ತೆಗೆಯುವುದು ವಾರದ ಕೆಲಸ. ಈ ಕೊನೆಯ ಹಂತಕ್ಕೆ ರೆಂಡರ್ ಎನ್ನುತ್ತಾರೆ. ಆಗ ಕಂಪ್ಯೂಟರು ಮೂರು ನಾಲ್ಕು ಗಂಟೆ ಉಸಿರು ಬಿಡದೆ ದುಡಿಯಬೇಕಾಗುತ್ತದೆ. 2024ರ ಏಪ್ರಿಲ್ ತಿಂಗಳಲ್ಲಿ, ನಮ್ಮ ಹಂಚಿನ ಮನೆಯ ಅಟ್ಟದ ಕೆಳಗಿನ ಕೋಣೆಯಲ್ಲಿ, ಅಣ್ಣನ ಹಳೆಯ ಯಂತ್ರ ಒಂದು ಮದುವೆಯ ಚಿತ್ರವನ್ನು ಮುಕ್ಕಾಲು ಪಾಲು ಮುಗಿಸಿ ತಟ್ಟನೆ ಆರಿಹೋಯಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಮೂರು ರಾತ್ರಿ ಹೀಗೇ ನಡೆಯಿತು. ಹೆಣ್ಣಿನ ಕಡೆಯವರು ಎರಡು ಸಲ ಫೋನು ಮಾಡಿ, ಮೂರನೆಯ ಸಲ ಮನೆಗೇ ಬಂದರು. ಮುಂಗಡವನ್ನು ಹಿಂದಿರುಗಿಸಬೇಕಾಯಿತು. ಆ ಹೊತ್ತಿನಲ್ಲಿ ಯಂತ್ರದ ಪಕ್ಕವನ್ನು ಮುಟ್ಟಿ ನೋಡಿದ್ದೆ. ದೋಸೆಯ ಕಾವಲಿಯ ಹಿಡಿಯನ್ನು ಮುಟ್ಟಿದಂತಿತ್ತು.

ಹೊಸದು ಬೇಕೆಂದಾಯಿತು. ಅಮ್ಮ ಸಂಘದಲ್ಲಿ ಒಂದು ಲಕ್ಷ ರೂಪಾಯಿ ಸಾಲ ತೆಗೆಯುವುದಕ್ಕೆ ಒಪ್ಪಿದಳು. ವಾರಕ್ಕೊಮ್ಮೆ ಕಂತು, ಮಳೆಯಿರಲಿ, ಜಾತ್ರೆಯಿರಲಿ, ಅದು ನಿಲ್ಲುವುದಿಲ್ಲ. ಅಣ್ಣ ಶಿವಮೊಗ್ಗದ ಒಂದು ಅಂಗಡಿಯಿಂದ ಒಂದು ಪಟ್ಟಿಯನ್ನು ಬರೆಸಿಕೊಂಡು ಬಂದ. ಅದರಲ್ಲಿ ಎಲ್ಲಕ್ಕಿಂತ ಅವನ ಕಣ್ಣು ನೆಟ್ಟಿದ್ದುದು ಒಂದೇ ವಸ್ತುವಿನ ಮೇಲೆ: ನೀರಿನಿಂದ ತಂಪು ಮಾಡುವ ಕೂಲರು, ಮೂರು ಫ್ಯಾನಿನದು, ಬಣ್ಣದ ದೀಪದ್ದು, ಬೆಲೆ 11,500 ರೂಪಾಯಿ.

“ನೀರು ಅಂದ್ರೆ ಗಾಳಿಗಿಂತ ತಂಪಲ್ವೇನೇ? ಇದನ್ನ ಹಾಕ್ಸಿದ್ರೆ ಆಯ್ತು” ಎಂದ.

ಅಮ್ಮ ನನ್ನ ಕಡೆಗೆ ತಿರುಗಿ, “ನೀ ಓದ್ದೋಳು, ನೀನೇ ನೋಡಿ ಹೇಳು. ಸಂಘದ ದುಡ್ಡು ಅದು” ಎಂದಳು.

ನಾನು ಹದಿನೈದು ದಿನ ಅವಕಾಶ ಕೇಳಿದೆ. ಬಸ್ಸಿನಲ್ಲಿ ಹೋಗಿ ಬರುವ ಹೊತ್ತಿನಲ್ಲಿ ಮೊಬೈಲಿನಲ್ಲಿಯೇ ಓದಿದೆ, ತಯಾರಕರು ಅಚ್ಚು ಹಾಕಿಸಿರುವ ವಿವರಗಳನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡೆ. ಆಗ ತಿಳಿದ ಮೊದಲ ಸಂಗತಿ ಬಹಳ ಸರಳವಾದದ್ದು. ಪ್ರೊಸೆಸರು ಎಷ್ಟು ವಿದ್ಯುತ್ತನ್ನು ಉಣ್ಣುತ್ತದೆಯೋ ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ನೂರು ವಾಟಿನ ಹಳೆಯ ಬಲ್ಬನ್ನು ಕಂಡವರಿದ್ದಾರಲ್ಲ, ಆ ಬಲ್ಬಿನ ಬಿಸಿಯೆಲ್ಲವೂ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟಿದರೆ ಹೇಗೋ ಹಾಗೆ. ಆ ಬಿಸಿಯನ್ನು ಅಲ್ಲಿಂದ ಸಾಗಿಸದಿದ್ದರೆ ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಳ್ಳಲು ಮೊದಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಆರಿಹೋಗುತ್ತದೆ. ಅಣ್ಣನ ಯಂತ್ರಕ್ಕೆ ಏಪ್ರಿಲ್‌ನಲ್ಲಿ ಆದದ್ದು ಇದೇ.

ಸಾಗಿಸುವುದಕ್ಕೆ ಎರಡು ದಾರಿಗಳು. ಒಂದು ಗಾಳಿಯ ದಾರಿ. ಪ್ರೊಸೆಸರಿನ ಮೇಲೆ ತಾಮ್ರದ ಕೊಳವೆಗಳನ್ನು ಕೂರಿಸಿ, ಅವುಗಳಿಗೆ ತೆಳುವಾದ ಅಲ್ಯೂಮಿನಿಯಂ ಎಲೆಗಳನ್ನು ಒತ್ತೊತ್ತಾಗಿ ಪೋಣಿಸಿ, ಪಕ್ಕದಲ್ಲಿ ಫ್ಯಾನು ಕಟ್ಟುತ್ತಾರೆ. ಸುಡುವ ಕಾಫಿಯನ್ನು ನಮ್ಮಜ್ಜ ತಟ್ಟೆಗೆ ಸುರಿದುಕೊಂಡು ಊದುತ್ತಿದ್ದರು. ಎಲೆಗಳದ್ದು ಆ ತಟ್ಟೆಯ ಕೆಲಸ, ಫ್ಯಾನಿನದ್ದು ಅಜ್ಜನ ಕೆಲಸ. ತಾಮ್ರದ ಕೊಳವೆಗಳು ಮಾತ್ರ ಅಷ್ಟು ಸರಳವಲ್ಲ. ಅವುಗಳೊಳಗೆ ಗಾಳಿಯನ್ನು ತೆಗೆದು ಒಂದಿಷ್ಟೇ ಇಷ್ಟು ನೀರನ್ನು ಮುಚ್ಚಿಟ್ಟಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ಕಡಿಮೆ ಬಿಸಿಗೇ ಆವಿಯಾಗಿ ಮೇಲಕ್ಕೆ ಹೋಗುತ್ತದೆ, ಎಲೆಗಳ ಬಳಿ ತಣಿದು ಹನಿಯಾಗುತ್ತದೆ, ಕೊಳವೆಯ ಒಳಮೈಯ ಬತ್ತಿಯಂಥ ಪದರವನ್ನು ಹಿಡಿದು ಮತ್ತೆ ಬಿಸಿಯ ಕಡೆಗೆ ಮರಳುತ್ತದೆ. ಪಂಪಿಲ್ಲ, ಸದ್ದಿಲ್ಲ, ಸವೆಯುವ ಭಾಗವಿಲ್ಲ. ಇದಕ್ಕೆ ಹೀಟ್ ಪೈಪು ಎಂಬ ಹೆಸರು ಬಂದದ್ದು 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿಯಿಂದ. ಗಾಳಿಯ ಕೂಲರು ಎಂದು ಹಗುರವಾಗಿ ಕರೆಯುವವರು ಅದರ ಹೊಟ್ಟೆಯಲ್ಲಿಯೂ ನೀರೇ ಓಡಾಡುತ್ತಿದೆಯೆಂಬುದನ್ನು ಮರೆಯುತ್ತಾರೆ. ಇದನ್ನು ತಿಳಿದ ದಿನ ನನಗಾದ ಸಂತೋಷ ಹೇಳತೀರದು.

ಇನ್ನೊಂದು ನೀರಿನ ದಾರಿ. ಪ್ರೊಸೆಸರಿನ ಮೇಲೆ ಒಂದು ಚಿಕ್ಕ ಪಂಪು. ಅದರಿಂದ ಎರಡು ರಬ್ಬರು ಕೊಳವೆಗಳು. ಅವುಗಳ ತುದಿಯಲ್ಲಿ ಕಾರಿನಲ್ಲಿರುವಂಥ ರೇಡಿಯೇಟರು. ಅದಕ್ಕೆ ಎರಡೋ ಮೂರೋ ಫ್ಯಾನು. ಒಂದೇ ಅಳತೆಯ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಮೀರಿ ಶಾಖವನ್ನು ಹೊರಬಲ್ಲದು. ಅದರ ಶಕ್ತಿಯನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಮತ್ತೆ ಅದೇ ಕೋಣೆಯ ಗಾಳಿಗೇ ಇಳಿಸಬೇಕು. ಕೋಣೆಯ ಬಿಸಿ 34 ಡಿಗ್ರಿಯಿದ್ದರೆ ಆ ನೀರೂ 34ಕ್ಕಿಂತ ಕೆಳಗಿಳಿಯಲಾರದು. ಅಣ್ಣನ ಮನಸ್ಸಿನಲ್ಲಿ ಇದ್ದದ್ದು ನಮ್ಮ ಬಾವಿಯ ನೀರು. ಪೆಟ್ಟಿಗೆಯೊಳಗೆ ಇರತಕ್ಕದ್ದು ಬಚ್ಚಲ ಹಂಡೆಯ ನೀರು. ‘ನೀರು ತಂಪು’ ಎಂಬ ಮಾತಿನಿಂದಲೇ ಅರ್ಧ ಜನ ಮೋಸಹೋಗುತ್ತಾರೆಂದು ನನಗೆ ತೋರುತ್ತದೆ.

ಹಾಗೆಂದು ನೀರಿನ ದಾರಿಯೇ ತಪ್ಪೆಂದು ನಾನು ಹೇಳಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಎಂಬ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಮಹಾಗಣಕಕ್ಕೆ ದ್ರವದಿಂದಲೇ ತಂಪು. ಅಷ್ಟು ಬಿಸಿಯನ್ನು ಬರಿಯ ಫ್ಯಾನಿನಿಂದ ಊದಿ ಕಳುಹಿಸಲಾಗದು. 1985ರ ಕ್ರೇ-2 ಯಂತ್ರವನ್ನಂತೂ ವಿದ್ಯುತ್ತು ಹರಿಯದಂಥ ಒಂದು ದ್ರವದಲ್ಲಿ ಇಡೀ ಮುಳುಗಿಸಿಯೇ ಇಟ್ಟಿದ್ದರು. ಅಷ್ಟು ದೂರವೇಕೆ, ನಮ್ಮೂರ ಅಣೆಕಟ್ಟನ್ನೇ ನೋಡಬಹುದು. 186 ಅಡಿಯ ಮಟ್ಟಕ್ಕೆ 71 ಟಿ.ಎಂ.ಸಿ.ಗೂ ಮೀರಿ ನೀರು ಹಿಡಿಯುವ ಭದ್ರಾ ಜಲಾಶಯ. ಅದರ ಬುಡದಲ್ಲಿ ವಿದ್ಯುತ್ ಉತ್ಪಾದನೆ. ನಮ್ಮಜ್ಜ ಎಳೆಯ ಪ್ರಾಯದಲ್ಲಿ ಆ ಕಟ್ಟೆಗೆ ಮಣ್ಣು ಹೊತ್ತವರು. ಜಲವಿದ್ಯುತ್ತಿನ ದೊಡ್ಡ ಜನರೇಟರುಗಳೂ ತಿರುಗಿ ತಿರುಗಿ ಕಾಯುತ್ತವೆ. ಅವುಗಳೊಳಗೆ ಸುತ್ತುವ ಗಾಳಿಯ ಬಿಸಿಯನ್ನು ನೀರು ಹರಿಯುವ ಕೊಳವೆಗಳಿಂದ ಹೀರಿ ತೆಗೆಯುವುದು ವಾಡಿಕೆ. ನದಿಯೇ ಕೈಯಲ್ಲಿರುವಾಗ ಅದಕ್ಕಿಂತ ಒಳ್ಳೆಯ ದಾರಿ ಯಾವುದು?

ಈ ಜಾಗಗಳನ್ನೆಲ್ಲ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ನನ್ನ ಅಭಿಪ್ರಾಯವೆಲ್ಲವೂ ಅದರ ಮೇಲೆಯೇ ನಿಂತಿದೆ. ನೀರಿನಿಂದ ತಂಪು ಮಾಡುವ ಕಡೆಗಳಲ್ಲೆಲ್ಲ ಆ ನೀರಿಗೊಬ್ಬ ಕಾವಲುಗಾರನಿದ್ದಾನೆ. ವಿದ್ಯುದಾಗಾರದಲ್ಲಿ ಪಾಳಿಯ ಮೇಲೆ ಆಪರೇಟರು ಇರುತ್ತಾರೆ, ಮಹಾಗಣಕಕ್ಕೆ ಇಂಜಿನಿಯರುಗಳಿದ್ದಾರೆ. ಒತ್ತಡ ಇಳಿಯಿತೇ, ಪಂಪು ನಿಂತಿತೇ ಎಂದು ನೋಡುವುದೇ ಅವರ ಉದ್ಯೋಗ. ನಮ್ಮ ಮನೆಯಲ್ಲಿ ಯಾರಿದ್ದಾರೆ? ಅಣ್ಣ ಮದುವೆ ಮನೆಗಳಲ್ಲಿ, ನಾನು ಕಾಲೇಜಿನಲ್ಲಿ, ಅಪ್ಪ ತೋಟದಲ್ಲಿ. ಉಳಿದವಳು ಅಮ್ಮ, ಅವಳಿಗೆ ಕಾಯುವುದಕ್ಕೆ ಹಾಲು, ದನ, ಅಡಿಕೆ ಇವೇ ಸಾಕಷ್ಟಿವೆ.

ಮನೆಬಳಕೆಯ ನೀರಿನ ಕೂಲರುಗಳು ಮುಚ್ಚಿ ಮೊಹರು ಮಾಡಿದವು, ಅವುಗಳಿಗೆ ಕಾವಲೇ ಬೇಡ ಎಂದು ಮಾರುವವರು ಹೇಳುತ್ತಾರೆ. ಬಹುಮಟ್ಟಿಗೆ ಅದು ನಿಜ. ಸೋರುವುದೂ ಅಪರೂಪವೇ. ಆದರೆ ಪಂಪು ಎಂಬುದು ತಿರುಗುವ ವಸ್ತು. ತಿರುಗುವುದು ಎಂದೋ ಒಂದು ದಿನ ನಿಲ್ಲುತ್ತದೆ. ಕೊಳವೆಯ ಗೋಡೆಯ ಮೂಲಕ ದ್ರವ ವರ್ಷಗಳ ಮೇಲೆ ಎಳ್ಳಷ್ಟು ಎಳ್ಳಷ್ಟೇ ಆರುತ್ತ ಹೋಗುತ್ತದೆ, ಹೆಚ್ಚಿನವುಗಳಿಗೆ ಮತ್ತೆ ತುಂಬುವ ಬಾಯಿಯೂ ಇರುವುದಿಲ್ಲ. ಪಂಪು ನಿಂತ ದಿನ ಇಡೀ ಕೂಲರನ್ನೇ ಬದಲಾಯಿಸಬೇಕು. ಗಾಳಿಯ ಕೂಲರಿನಲ್ಲಿ ಕೆಡುವುದೆಂದರೆ ಫ್ಯಾನೊಂದೇ. ಅದು ಕೆಲವು ನೂರು ರೂಪಾಯಿಗಳ ಮಾತು. ಅದು ಬರುವವರೆಗೆ ಬೇರೆ ಫ್ಯಾನನ್ನು ದಾರದಿಂದ ಕಟ್ಟಿಯಾದರೂ ನಡೆಸಬಹುದು. ಲಕ್ಕವಳ್ಳಿಯಿಂದ ಶಿವಮೊಗ್ಗಕ್ಕೆ ಎರಡು ಬಸ್ಸು ಹತ್ತಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ರಾತ್ರಿಯೇ ಬೇಕು. ಮದುವೆಯ ತಿಂಗಳಲ್ಲಿ ನಾಲ್ಕು ದಿನ ಯಂತ್ರ ನಿಂತರೆ ನಾಲ್ಕು ಕಂತಿನ ದುಡ್ಡು ಹೋದಂತೆ. (ನಮ್ಮ ಅಟ್ಟದ ಇಲಿಗಳು ರಬ್ಬರು ಕೊಳವೆಗಳ ಬಗ್ಗೆ ಏನು ಅಭಿಪ್ರಾಯ ಹೊಂದಿವೆಯೋ, ಅದನ್ನು ಪರೀಕ್ಷಿಸುವ ಧೈರ್ಯವೂ ನನಗಿರಲಿಲ್ಲ.)

ಇಷ್ಟು ಯೋಚಿಸಿದ ಮೇಲೆ ನನಗೆ ತೋರಿದ್ದೇನೆಂದರೆ, ನಾವು ಪ್ರಶ್ನೆಯನ್ನೇ ತಿರುವುಮುರುವು ಹಾಕಿಕೊಂಡಿದ್ದೆವು. ಬಿಸಿಯನ್ನು ಹೇಗೆ ಓಡಿಸಬೇಕೆಂದು ಕೇಳುವ ಮೊದಲು, ಅಷ್ಟೊಂದು ಬಿಸಿ ಹುಟ್ಟಲೇಬೇಕೇ ಎಂದು ಕೇಳಬೇಡವೇ? ಅಂಗಡಿಯ ಪಟ್ಟಿಯಲ್ಲಿದ್ದುದು ಎ.ಎಂ.ಡಿ. ಕಂಪನಿಯ ರೈಜನ್ 9 7900ಎಕ್ಸ್ ಎಂಬ ಪ್ರೊಸೆಸರು. ಹನ್ನೆರಡು ಕೋರುಗಳು, ತಯಾರಕರೇ ನಮೂದಿಸಿರುವ ಶಾಖ 170 ವಾಟ್, ಪೂರ್ಣ ಹೊರೆಯಲ್ಲಿ 230ರವರೆಗೆ ಉಣ್ಣಬಲ್ಲದು. ಅದೇ ಕಂಪನಿ 2023ರ ಜನವರಿಯಲ್ಲಿ ಎಕ್ಸ್ ಎಂಬ ಬಾಲವಿಲ್ಲದ 7900 ಎಂಬುದನ್ನು ಹೊರತಂದಿತು. ಅದಕ್ಕೂ ಹನ್ನೆರಡೇ ಕೋರು. ಗರಿಷ್ಠ ವೇಗ ಒಂದರದ್ದು 5.6 ಗಿಗಾಹರ್ಟ್ಸ್, ಇನ್ನೊಂದರದ್ದು 5.4. ಆದರೆ ಎರಡನೆಯದರ ಶಾಖ 65 ವಾಟ್, ಪೂರ್ಣ ಹೊರೆಯಲ್ಲಿ 88. ದೀರ್ಘ ಕಾಲದ ರೆಂಡರಿನಲ್ಲಿ ದೊಡ್ಡಣ್ಣನೇ ಸ್ವಲ್ಪ ಮುಂದಿರುತ್ತಾನೆ, ಒಪ್ಪೋಣ. ಆ ಸ್ವಲ್ಪಕ್ಕಾಗಿ ಎರಡೂವರೆ ಪಟ್ಟು ವಿದ್ಯುತ್ತು, ಎರಡೂವರೆ ಪಟ್ಟು ಬಿಸಿ! ಅರ್ಥಶಾಸ್ತ್ರದ ಮೊದಲನೆಯ ವರ್ಷದಲ್ಲಿ ಸೀಮಾಂತ ತುಷ್ಟಿಗುಣವೆಂದು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತದ್ದು, ಅಂದು ನಮ್ಮ ಜಗಲಿಯ ಮೇಲೆ ನನ್ನೆದುರಿಗೆ ಬಂದು ನಿಂತಿತು. ಇನ್ನೂ ಒಂದು ವಿಶೇಷವೆಂದರೆ, ಈ ಎರಡನೆಯದರ ಪೆಟ್ಟಿಗೆಯೊಳಗೆ ಗಾಳಿಯ ಕೂಲರೊಂದನ್ನು ತಯಾರಕರೇ ಇಟ್ಟು ಕೊಡುತ್ತಾರೆ. ಅದರಿಂದಲೇ ಕೆಲಸ ನಡೆಯುತ್ತದೆ. ನಮ್ಮ ಬೇಸಿಗೆಗೆ ಅದರ ಕೂಗು ಹೆಚ್ಚಾದೀತೆಂದು, ಬೇರೆ ಮೂರು ಸಾವಿರ ರೂಪಾಯಿಯ ಎತ್ತರದ ಕೂಲರೊಂದನ್ನು ತೆಗೆದುಕೊಳ್ಳೋಣವೆಂದೆ. ಉಳಿದ ದುಡ್ಡಿಗೆ ಯು.ಪಿ.ಎಸ್. ಬರುತ್ತದೆ. ಅಣೆಕಟ್ಟಿನ ಕೆಳಗೇ ವಾಸವಾಗಿದ್ದೂ ಮುಂಗಾರಿನ ಮೊದಲ ಸಿಡಿಲಿಗೆ ಕತ್ತಲಲ್ಲಿ ಕೂರುವ ನಮಗೆ, ಬಣ್ಣದ ದೀಪಕ್ಕಿಂತ ಅದು ಹೆಚ್ಚು ಅವಶ್ಯ.

ಅಣ್ಣನಿಗೆ ಬಹಳ ಬೇಸರವಾಯಿತು. ಅವನ ವಾದವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. “ನೋಡೇ, ಗಿರಾಕಿ ಕೋಣೆಗೆ ಬಂದಾಗ ಗಾಜಿನ ಪೆಟ್ಟಿಗೆ, ಒಳಗೆ ದೀಪ, ನೀರಿನ ಪೈಪು ಕಂಡ್ರೆ, ಇವ್ನು ದೊಡ್ಡ ಕೆಲ್ಸಗಾರ ಅಂತಾನೆ. ಈ ಬೋಳು ಡಬ್ಬ ನೋಡಿದ್ರೆ ಯಾರು ಬರ್ತಾರೆ?” ಎಂದ. ಅದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ವೈದ್ಯರ ಮೇಜಿನ ಮೇಲೆ ಯಂತ್ರಗಳಿದ್ದರೆ ನಾವೂ ಹೆಚ್ಚು ನಂಬುತ್ತೇವೆ. ಆದರೂ ನಮ್ಮ ಕಡೆಯ ಗಿರಾಕಿಗಳು ಕೋಣೆಯನ್ನು ನೋಡುವುದು ಒಂದೇ ಸಲ. ಮದುವೆಯ ಚಿತ್ರವನ್ನು ಹೇಳಿದ ದಿನಕ್ಕೆ ಕೊಟ್ಟನೋ ಇಲ್ಲವೋ ಎಂಬುದನ್ನು ಹತ್ತು ಮನೆಗೆ ಹೇಳುತ್ತಾರೆ. ಏಪ್ರಿಲ್‌ನಲ್ಲಿ ಮನೆಗೆ ಬಂದವರು ಹೇಳಿದ್ದೂ ಅದನ್ನೇ. ಎರಡು ದಿನ ಅವನು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅಮ್ಮ, “ಅವ್ಳು ಹೇಳ್ದಂಗೆ ತಗೋ; ಕೆಟ್ಟೋದ್ರೆ ಅವ್ಳನ್ನೇ ಬೈಯೋಣ” ಎಂದು ತೀರ್ಪು ಕೊಟ್ಟಳು. ಓದಿದವರಿಗೆ ಮನೆಯಲ್ಲಿ ಸಿಗುವ ಗೌರವದ ಬೆಲೆ ಏನೆಂಬುದು ನನಗೆ ಆಗ ತಿಳಿಯಿತು.

ಬೈಸಿಕೊಳ್ಳುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ವಾಟುಗಳನ್ನೂ ಡಿಗ್ರಿಗಳನ್ನೂ ಲೆಕ್ಕ ಹಾಕಿದ ನಾನು ಎತ್ತರವನ್ನು ನೋಡಿರಲಿಲ್ಲ. ಕೂಲರಿನ ಎತ್ತರ 158 ಮಿಲಿಮೀಟರು. ನಾವು ತಂದ ಕ್ಯಾಬಿನೆಟ್ಟಿನೊಳಗೆ ಇದ್ದ ಜಾಗ 155. ಪಕ್ಕದ ಮುಚ್ಚಳ ಕೂರಲೇ ಇಲ್ಲ. ಅಣ್ಣ ನಗಲೂ ಇಲ್ಲ, ಬೈಯಲೂ ಇಲ್ಲ. ಆ ಮುಚ್ಚಳವನ್ನು ಗೋಡೆಗೆ ಒರಗಿಸಿ ಸುಮ್ಮನೆ ಕುಳಿತ. ಹತ್ತು ದಿನ ಯಂತ್ರ ಬಾಯಿ ತೆರೆದುಕೊಂಡೇ ಓಡಿತು. ರಾತ್ರಿ ಅದರ ಮೇಲೆ ಪಂಚೆ ಹೊದಿಸುತ್ತಿದ್ದೆವು, ಹಲ್ಲಿ ಒಳಗಿಳಿದೀತೆಂದು. ಕೊನೆಗೆ ಅಣ್ಣನೇ ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ, ಮೇಲೆ 700 ರೂಪಾಯಿ ಕೊಟ್ಟು, ಮುಂಭಾಗದಲ್ಲಿ ಜಾಲರಿಯಿರುವ ಅಗಲವಾದದ್ದಕ್ಕೆ ಬದಲಾಯಿಸಿಕೊಂಡು ಬಂದ. ಆ 700 ರೂಪಾಯಿಯನ್ನು ನನ್ನ ವಿದ್ಯಾರ್ಥಿವೇತನದಲ್ಲಿ ಕೊಟ್ಟೆ. ಯಾರಾದರೂ ಕೊಳ್ಳುವವರಿದ್ದರೆ ಮೊದಲು ಅಡಿಪಟ್ಟಿ ಹಿಡಿಯಬೇಕೆಂಬುದು ನನ್ನ ವಿನಂತಿ.

ಆ ಅದಲುಬದಲಿನಿಂದ ಒಂದು ಲಾಭವೂ ಆಯಿತೆನ್ನಬೇಕು. ಮೊದಲಿನದರ ಮುಂಭಾಗ ಪೂರಾ ಗಾಜು. ಒಳಗೆ ಎಂಥ ಕೂಲರಿದ್ದರೂ ಅದಕ್ಕೆ ಹೊಸ ಗಾಳಿ ಬರಬೇಕಾದದ್ದು ಅಂಚಿನ ಸಂದಿಯಿಂದ. ಜಾಲರಿಯ ಪೆಟ್ಟಿಗೆಯಲ್ಲಿ ಮುಂದಿನಿಂದ ಗಾಳಿ ನೆಟ್ಟಗೆ ಒಳಗೆ ಬಂದು ಹಿಂದಿನಿಂದ ಹೊರಗೆ ಹೋಗುತ್ತದೆ. ಬಾಗಿಲು ಕಿಟಕಿ ಎದುರುಬದುರು ಇಟ್ಟು ಮನೆ ಕಟ್ಟುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಏಳುವ ದೂಳು ಮಾತ್ರ ಆ ಜಾಲರಿಯನ್ನು ಹದಿನೈದು ದಿನಕ್ಕೆ ಮುಚ್ಚಿಬಿಡುತ್ತದೆ. ಅದನ್ನು ಬಿಚ್ಚಿ ಬಣ್ಣ ಬಳಿಯುವ ಹಳೆಯ ಬ್ರಷ್ಷಿನಿಂದ ಒರೆಸುವುದು ಭಾನುವಾರದ ನನ್ನ ಪಾಲಿನ ಕೆಲಸ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನೂ ನಾನೇ ಹಚ್ಚಿದೆ. ವೀಳ್ಯದೆಲೆಗೆ ಸುಣ್ಣ ಸವರಿದಷ್ಟು ಸಾಕು. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದಿಗಳನ್ನು ತುಂಬುವುದಷ್ಟೇ ಅದರ ಕೆಲಸ; ಹೆಚ್ಚಾದರೆ ಸುಣ್ಣದಂತೆ ಬಾಯಿ ಸುಡದಿದ್ದರೂ ಪ್ರಯೋಜನವಂತೂ ಇಲ್ಲ.

2025ರ ಏಪ್ರಿಲ್‌ನಲ್ಲಿ ಪರೀಕ್ಷೆ ಬಂತು, ನನ್ನದಲ್ಲ, ಯಂತ್ರದ್ದು. ಮಧ್ಯಾಹ್ನ ಎರಡು ಗಂಟೆ, ಹಂಚು ಕಾದು ಕೋಣೆಯಲ್ಲಿ 35 ಡಿಗ್ರಿ. ತಣಿಗೆಬೈಲಿನ ಒಂದು ಮದುವೆಯ ಚಿತ್ರ ರೆಂಡರಾಗುತ್ತಿತ್ತು. ಅಣ್ಣ ಹೊರಗೆ ಹೋಗಿದ್ದ. ನಾನು ಅರ್ಥಶಾಸ್ತ್ರದ ನೋಟ್ಸು ಹಿಡಿದು ಪರದೆಯ ಮುಂದೆ ಕುಳಿತಿದ್ದೆ. 68, 71, 72. ಅಲ್ಲಿಗೇ ನಿಂತಿತು. ಈ ಪ್ರೊಸೆಸರು ತಡೆಯಬಲ್ಲ ಮಿತಿ 95. ಮೂರು ಗಂಟೆಯಲ್ಲಿ ಒಂದು ಸಲವೂ 73 ದಾಟಲಿಲ್ಲ. ನಡುವೆ ಒಮ್ಮೆ ಕರೆಂಟು ಹೋಯಿತು, ಯು.ಪಿ.ಎಸ್. ಪೀಂ ಪೀಂ ಎಂದು ಕೂಗಿಕೊಂಡು ನಾಲ್ಕು ನಿಮಿಷ ಎಳೆಯಿತು, ಕರೆಂಟು ಬಂತು. ಸಂಜೆ ಬಂದ ಅಣ್ಣ ಫೈಲು ಮುಗಿದಿರುವುದನ್ನು ನೋಡಿ ಏನೂ ಹೇಳದೆ ಒಳಗೆ ಹೋದ. ರಾತ್ರಿ ಊಟಕ್ಕೆ ಕುಳಿತಾಗ, “ದೀಪದ ಫ್ಯಾನು ಒಂದಾದ್ರೂ ಹಾಕ್ಸೋಣ ಕಣೇ, ಆರ್ನೂರು ರೂಪಾಯಿ ಅಷ್ಟೇ” ಎಂದ. ಹಾಕಿಸಿಕೋ ಎಂದೆ. ಈಗ ಅದು ನೀಲಿಯಾಗಿ ತಿರುಗುತ್ತಿದೆ.

ನಮ್ಮ ಕಾಲೇಜಿನ ಮಿತ್ರರಲ್ಲಿ ಕೆಲವರು ಇದನ್ನೋದಿ, ಬಿ.ಎ. ಓದುವವರಿಗೆ ಇಂಥ ವಿಷಯದಲ್ಲಿ ತೀರ್ಪು ಹೇಳುವ ಹಕ್ಕೆಲ್ಲಿಯದು ಎನ್ನಬಹುದು. ಯಂತ್ರದ ಒಳಗನ್ನು ಬಲ್ಲವರು ನಮಗಿಂತ ಹೆಚ್ಚು ಬಲ್ಲರು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಯಂತ್ರ ಬಂದು ಕೂರುವ ಕೋಣೆ, ಅಲ್ಲಿಯ ದೂಳು, ಬಸ್ಸಿನ ವೇಳೆ, ಸಾಲದ ಕಂತು, ಇವನ್ನು ಅಂಗಡಿಯವರ ಪಟ್ಟಿಯಲ್ಲಿ ಯಾರೂ ಬರೆದಿರುವುದಿಲ್ಲ. ಇವನ್ನು ಬರೆಯಬಲ್ಲವರು ನಾವೇ. ಬೆಂಗಳೂರಿನಲ್ಲಿ, ಹವಾನಿಯಂತ್ರಿತ ಕೋಣೆಯಲ್ಲಿ, 250 ವಾಟ್ ಉಣ್ಣುವ ಪ್ರೊಸೆಸರನ್ನು ದಿನವಿಡೀ ದುಡಿಸುವವರು ನೀರಿನದನ್ನೇ ಕೊಳ್ಳಲಿ. ಅವರಿಗೆ ಅದೇ ಸರಿ. ಲಕ್ಕವಳ್ಳಿಯಲ್ಲಿ ಸರಿಯಾದದ್ದು ಬೇರೆ.

ಹೋದ ಮಳೆಗಾಲದ ಒಂದು ಸಂಜೆ ಕಾಲೇಜಿನಿಂದ ಬಂದಾಗ, ಯಂತ್ರದ ಹಿಂದೆ ಬಿಸಿ ಗಾಳಿ ಬರುವ ಕಡೆ ಒಂದು ಕುರ್ಚಿ, ಕುರ್ಚಿಯ ಮೇಲೆ ಅಪ್ಪನ ಒದ್ದೆ ಬನಿಯನು ಹರವಿತ್ತು. ಗಾಳಿಯ ದಾರಿ ಕಟ್ಟಿಹೋಗುತ್ತದೆಂದು ಅಮ್ಮನ ಮೇಲೆ ರೇಗಿದೆ. “ಒಂದು ಮೊಳ ದೂರ ಇಟ್ಟಿದೀನಲ್ಲೇ, ಅಷ್ಟೂ ಗೊತ್ತಾಗಲ್ವಾ ನಂಗೆ?” ಎಂದಳು. ಅಳೆದು ನೋಡಿದೆ. ಒಂದು ಮೊಳಕ್ಕಿಂತ ಹೆಚ್ಚೇ ಇತ್ತು.